ಸರ್ವೇಯರರ ಎಡಗೈ ಫೋಟೊ

"ಮನುಷ್ಯರು ಸುಳ್ಳು ಹೇಳಬಹುದು. ಕ್ಯಾಮೆರಾ ಹೇಳುತ್ತಾ?" ಎಂದು ಸರ್ವೇಯರರ ಸೊಸೆ ಕೇಳಿದಾಗ ತಮ್ಮನಿಗೆ ನಗು ಬರಬೇಕಾಗಿತ್ತು. ಅದೇ ಮಾಡೆಲ್ಲಿನ ಕ್ಯಾಮೆರಾ ಅವನ ಬಳಿಯೂ ಇತ್ತು. ಅದರ ಚೇಷ್ಟೆಗಳೆಲ್ಲ ಅವನಿಗೆ ಕಂಠಪಾಠ. ಆದರೆ ಬಾಗಿಲ ಬಳಿ ಸರ್ವೇಯರರನ್ನು ನೋಡಿಕೊಳ್ಳುವ ಸಿಸ್ಟರ್ ನಿಂತಿದ್ದಳು, ಬಟ್ಟೆಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ಅವಳನ್ನು ಈ ಮನೆಗೆ ಗೊತ್ತು ಮಾಡಿಕೊಟ್ಟವನು ಅವನೇ. ನಗು ಬರಲಿಲ್ಲ.

ಅವನು ಕಟ್ಟಡದ ಕೆಳಗಿನ ಔಷಧಿ ಅಂಗಡಿಯವನು. ಮೂರನೆಯ ಮಹಡಿಯಲ್ಲಿ ಅವನ ಅಕ್ಕ ಇದ್ದಳು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಕಟ್ಟಡಕ್ಕೆಲ್ಲ ಆಕೆ ಅಕ್ಕ; ಹಾಗಾಗಿ ಕಟ್ಟಡಕ್ಕೆಲ್ಲ ಇವನು ತಮ್ಮ. ನೀರಿನ ಮೀಟರು ಸುಳ್ಳು ಓಡಿದರೂ, ಮಹಡಿಯ ಮೇಲೆ ಒಣಹಾಕಿದ ಸೀರೆ ಮಾಯವಾದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಆಕೆ ಎಲ್ಲ ಕೇಳಿಸಿಕೊಂಡು, ಕನ್ನಡಕ ಒರೆಸಿ, ಎರಡು ಪ್ರಶ್ನೆ ಕೇಳುತ್ತಿದ್ದಳು. ಬಹಳ ಸಲ ಅಷ್ಟೇ ಸಾಕಾಗುತ್ತಿತ್ತು.

ಈ ಸಲ ಬಾಗಿಲು ತಟ್ಟಿದವನು ತಮ್ಮನೇ. ಸರ್ವೇಯರರ ಮನೆಯಲ್ಲಿ ಅವರ ತೀರಿಹೋದ ಹೆಂಡತಿಯ ಚಿನ್ನದ ಸರ ಕಾಣೆಯಾಗಿತ್ತು. ಸಂಜೆಯೊಳಗೆ ಸರ ಬರದಿದ್ದರೆ ಸಿಸ್ಟರ್ ಮೇಲೆ ಪೊಲೀಸ್ ದೂರು ಕೊಡುವುದೆಂದು ಸೊಸೆ ತೀರ್ಮಾನಿಸಿದ್ದಳು. "ದೂರು ಬೇಡ, ಕೆಲಸ ಬಿಡಿಸಿ ಕಳಿಸಿಬಿಡೋಣ, ಪಾಪ," ಎಂದು ಗಂಡ ಮೆತ್ತಗೆ ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದ. ಒಮ್ಮೆ ಕಳ್ಳಿ ಅನ್ನಿಸಿಕೊಂಡರೆ ಸಿಸ್ಟರನ್ನು ಇನ್ನು ಯಾವ ಮನೆಯಲ್ಲೂ ರೋಗಿಯ ಹಾಸಿಗೆಯ ಹತ್ತಿರ ಕೂರಲು ಬಿಡುವುದಿಲ್ಲ. ಅವಳು ನರ್ಸ್ ಓದಿದವಳಲ್ಲ. ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು, ಅವಳ ಪಾಲಿಗೆ ಇದ್ದದ್ದು ಆ ಹೆಸರೊಂದೇ.

ಸರ್ವೇಯರರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತಿನಲ್ಲಿ ಉಳಿದದ್ದು ಒಂದೇ ಪದ, "ಇಲ್ಲ." ನೀರು ಬೇಕೇ ಎಂದರೆ "ಇಲ್ಲ" ಅಂದು ಬಾಯಿ ತೆರೆಯುತ್ತಿದ್ದರು. ನಿದ್ದೆ ಬಂತೇ ಎಂದರೂ ಇಲ್ಲ, ನೋವಿದೆಯೇ ಎಂದರೂ ಇಲ್ಲ. ಕೇಳಿ ಕೇಳಿ ಮನೆಯವರು ಆ ಪದಕ್ಕೆ ಕಿವಿಗೊಡುವುದನ್ನೇ ಬಿಟ್ಟಿದ್ದರು.

ಅವರಿಗೆ ಉಳಿದಿದ್ದ ಇನ್ನೊಂದು ನಾಲಿಗೆ ಆ ಪುಟ್ಟ ಡಿಜಿಟಲ್ ಕ್ಯಾಮೆರಾ. ಅದು ಹೊಸದಾಗಿ ಬಂದ ಕಾಲದಲ್ಲಿ ಅವರೂ ತಮ್ಮನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಒಂದೊಂದು ಕೊಂಡಿದ್ದರು. ಆಮೇಲೆ ಭಾನುವಾರಗಳಲ್ಲಿ ಮೆಟ್ಟಿಲ ಮೇಲೆ ಕೂತು ಇಬ್ಬರೂ, ಮದುವೆಯಾಗಿ ವರ್ಷ ಕಳೆದ ಅಳಿಯಂದಿರ ಹಾಗೆ, ತಂತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಬ್ಯಾಟರಿ ನುಂಗುವುದರಲ್ಲಿ ಅದು ಬಕಾಸುರ. ಬ್ಯಾಟರಿ ತೆಗೆದು ಹಾಕಿದರೆ ತಾರೀಕು ಇಸವಿ ಎರಡು ಸಾವಿರದ ಜನವರಿ ಒಂದಕ್ಕೆ ಹೋಗಿ ಕೂರುತ್ತಿತ್ತು. ಹಿಂದಿನ ಪರದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮಗು ನಕ್ಕಾಗ ಒತ್ತಿದರೆ ಅತ್ತಾಗ ತೆಗೆಯುತ್ತದೆ ಎಂದು ತಮ್ಮ ಗೊಣಗುತ್ತಿದ್ದ. ಸರ್ವೇಯರರು ಬೀದಿನಾಯಿಯ ಫೋಟೊ ತೆಗೆಯಲು ಹೋದಾಗಲೆಲ್ಲ ಬಾಲ ಮಾತ್ರ ಸಿಕ್ಕಿ, ಅಂಥ ಬಾಲಗಳ ಸಂಗ್ರಹವೇ ಆಗಿತ್ತು.

ಲಕ್ವದ ನಂತರವೂ ಅವರು ಅದನ್ನು ಬಿಡಲಿಲ್ಲ. ಗುಂಡಿ ಇರುವುದು ಬಲಗೈಯವರಿಗೆಂದು. ಆದ್ದರಿಂದ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಫ್ಯಾನು, ಕಿಟಕಿ, ಔಷಧಿ ಬಾಟಲಿ, ಸಿಸ್ಟರ್ ಮುಖ, ಎಲ್ಲವೂ ತಲೆಕೆಳಗಾಗಿಯೇ ಅದರೊಳಗೆ ಇದ್ದವು.

ಸರ ಕಾಣದಾದ ಮೇಲೆ ಸೊಸೆ ಹುಡುಕುತ್ತಾ ಹುಡುಕುತ್ತಾ ಆ ಕ್ಯಾಮೆರಾವನ್ನೂ ನೋಡಿದ್ದಳು. ಒಂದು ಫೋಟೊದಲ್ಲಿ ಬೀರು ತೆರೆದಿತ್ತು. ಒಂದು ಕೈ ಬೀರುವಿನ ಬಾಗಿಲ ಮೇಲೆ, ಇನ್ನೊಂದು ಕೈಯಲ್ಲಿ ಬಿಳಿ ಬಟ್ಟೆಯ ಗಂಟು, ಮುಖ ಇತ್ತ ತಿರುಗಿಸಿ ನಿಂತವಳು ಸಿಸ್ಟರ್. ಸರ ಇಟ್ಟಿದ್ದದ್ದು ಬಿಳಿ ಬಟ್ಟೆಯಲ್ಲಿ ಸುತ್ತಿ. ಫೋಟೊ ತಲೆಕೆಳಗಾಗಿದ್ದುದರಿಂದ ತೆಗೆದವರು ಯಾರೆಂಬ ಅನುಮಾನವೂ ಇರಲಿಲ್ಲ. ಮಾತಿಲ್ಲದ ಮಾವ ಕಳ್ಳಿಯನ್ನು ಕಣ್ಣಾರೆ ಕಂಡು ಸಾಕ್ಷಿ ಹಿಡಿದಿಟ್ಟಿದ್ದಾರೆ ಎಂದು ಸೊಸೆ ಕಣ್ಣೀರು ಹಾಕಿದಳು. ಅವಳ ಕಣ್ಣೀರು ನಿಜವಾದದ್ದೇ.

ಫೋಟೊ ತೋರಿಸಿ ಮಾವನನ್ನು ಕೇಳಿದ್ದೂ ಆಗಿತ್ತು. "ಇವಳೇ ತಾನೆ ತಗೊಂಡಿದ್ದು?"

"ಇಲ್ಲ, ಇಲ್ಲ, ಇಲ್ಲ," ಎಂದು ಅವರು ತಲೆದಿಂಬು ಒದ್ದೆಯಾಗುವಷ್ಟು ಅತ್ತಿದ್ದರು. ಆ ಪದಕ್ಕೆ ಬೆಲೆ ಕೊಡುವವರು ಯಾರು?

ಅಕ್ಕ ಎಲ್ಲ ಕೇಳಿಸಿಕೊಂಡಳು. ಸಿಸ್ಟರನ್ನು ಅಡುಗೆಮನೆಗೆ ಕರೆದು, ನಡೆದದ್ದು ಹೇಳು ಎಂದಳು. ಸಿಸ್ಟರಿಗೆ ದಿನ ನೆನಪಿತ್ತು, ತಾತನ ಮಾತ್ರೆ ಮುಗಿದು ಹೊಸದಕ್ಕೆ ಕಾಯುತ್ತಿದ್ದ ದಿನ. ಮಧ್ಯಾಹ್ನ ಮೈ ಒರೆಸಲೆಂದು ಬಚ್ಚಲಲ್ಲಿ ಟವೆಲು ಹಿಂಡುತ್ತಿದ್ದಳಂತೆ. ಆ ಬಚ್ಚಲು ತಾತನ ಕೋಣೆಗೇ ಸೇರಿದ್ದು. ಹಾಲಿನಲ್ಲಿ ಫೋನ್ ಹೊಡೆದುಕೊಂಡಿತು, ಎರಡು ಸಲ ಆಗಿ ನಿಂತಿತು. ಮಾಡಿದವರೇ ಇಟ್ಟುಬಿಟ್ಟರು ಅಂದುಕೊಂಡಳು. ಹೊರಗೆ ಬಂದರೆ ಬೀರು ತೆರೆದಿತ್ತು. ಮುಚ್ಚೋಣವೆಂದು ಕೈಯಿಟ್ಟಾಗ ಫ್ಲ್ಯಾಶ್ ಬಿತ್ತು.

"ಬೀಗದಲ್ಲಿ ಕೀ ಇತ್ತಾ?" ಅಕ್ಕ ಕೇಳಿದಳು.

"ನೋಡ್ಲಿಲ್ಲಮ್ಮ. ಟವೆಲಿಂದ ನೀರು ಸೋರ್ತಿತ್ತು. ಬಾಗಿಲು ಒತ್ತಿಬಿಟ್ಟು ತಾತನ ಹತ್ರ ಹೋದೆ. ಅವರು ಇಲ್ಲ ಇಲ್ಲ ಅಂತ ಕೈ ಹಿಡ್ಕೊಂಡ್ರು. ತಣ್ಣೀರು ಅಂತ ಹೆದರಿದಾರೆ ಅನ್ಕೊಂಡು, ಬಿಸಿ ಮಾಡ್ಕೊಂಡ್ ಬರ್ತೀನಿ ಅಂತ ಮತ್ತೆ ಬಚ್ಚಲಿಗೆ ಹೋದೆ."

ಸೊಸೆಯನ್ನು ಕೇಳಿದರೆ ಆ ಹೊತ್ತಿಗೆ ತಾನು ದಿನವೂ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತೇನೆ ಎಂದಳು. ಮಗನೂ ದಿನವೂ ಬೆಳಿಗ್ಗೆಯೇ ಸ್ಕೂಟರಿನಲ್ಲಿ ಆಫೀಸಿಗೆ ಹೋಗಿ ಸಂಜೆಗೆ ಬರುವವನು. ಬೀರುವಿಗೆ ಎರಡು ಕೀ. ಒಂದು ಕೆಂಪು ದಾರ ಕಟ್ಟಿ ತಾತನ ಹಾಸಿಗೆಯ ಮೇಲಿನ ಮೊಳೆಗೆ ನೇತುಹಾಕಿದ್ದು. ಬಟ್ಟೆ ತೆಗೆಯಲು ಸಿಸ್ಟರ್ ಬಳಸುತ್ತಿದ್ದಳು. ಇನ್ನೊಂದು ಮಗನ ಗೊಂಚಲಿನಲ್ಲಿ, ಸ್ಕೂಟರ್ ಕೀಯ ಜೊತೆಗೆ.

ತಮ್ಮ ತನ್ನ ಅಂಗಡಿಯ ಕಂಪ್ಯೂಟರಿಗೆ ಕ್ಯಾಮೆರಾದ ಕಾರ್ಡ್ ಹಾಕಿ, ಫೋಟೊವನ್ನು ನೆಟ್ಟಗೆ ತಿರುಗಿಸಿ ದೊಡ್ಡದು ಮಾಡಿದ. ಅವನಿಗೆ ಕಂಡದ್ದು ಹಳೆಯದೇ: ತೆರೆದ ಬೀರು, ಬಿಳಿ ಗಂಟು, ಬೀಗದ ಬಳಿ ಫ್ಲ್ಯಾಶಿಗೆ ಹೊಳೆಯುವ ಗೊಂಚಲಿನಂಥ ಏನೋ, ಪಕ್ಕದಲ್ಲಿ ಹಾಲಿಗೆ ಹೋಗುವ ಬಾಗಿಲಿನ ಪರದೆ. ಪರದೆ ನೆಟ್ಟಗಿರಲಿಲ್ಲ, ಹಾಲಿನ ಕಡೆಗೆ ವಾಲಿ ನಿಂತಿತ್ತು.

"ಗಾಳಿಗೆ," ಎಂದ ತಮ್ಮ.

"ಯಾವ ಗಾಳಿ? ಶೀತ ಆಗುತ್ತೆ ಅಂತ ಆ ಕೋಣೆಯ ಕಿಟಕಿ ಮುಚ್ಚೇ ಇರುತ್ತೆ, ಫ್ಯಾನ್ ಹಾಕಲ್ಲ," ಎಂದಳು ಅಕ್ಕ. ಕನ್ನಡಕ ಒರೆಸಿ ಕೇಳಿದಳು: "ಮಾತ್ರೆ ಬಂದ ದಿನ ನೀನು ಅವರ ಮನೆಗೆ ಫೋನ್ ಮಾಡಿದ್ಯಾ?"

ಮಾಡಿದ್ದ. ಎರಡು ರಿಂಗಿಗೆ ಯಾರೋ ಎತ್ತಿದ್ದರು. ಇವನು "ಹಲೋ" ಅನ್ನುವಷ್ಟರಲ್ಲಿ ಇಟ್ಟುಬಿಟ್ಟಿದ್ದರು. ಲೈನ್ ಸರಿಯಿಲ್ಲವೆಂದು ಬಿಟ್ಟಿದ್ದ. ಅಕ್ಕ ಸಂತೋಷಪಡಲಿಲ್ಲ. ಲೆಕ್ಕ ಬಿಡಿಸಿದಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಬೆಳಕು ಅಂದು ಇರಲೇ ಇಲ್ಲ. "ನಿನ್ನ ಕ್ಯಾಮೆರಾ ತಗೋ. ಹಳೇ ಬ್ಯಾಟರಿ ಇರಲಿ," ಎಂದಳು.

ಸಂಜೆ ಎಲ್ಲರೂ ಸರ್ವೇಯರರ ಕೋಣೆಯಲ್ಲಿ ಸೇರಿದರು. ಮಗ ಗೋಡೆಗೆ ಒರಗಿದ್ದ, ಸೊಸೆ ಕುರ್ಚಿಯಲ್ಲಿ, ಸಿಸ್ಟರ್ ಚೀಲದೊಂದಿಗೆ ಬಚ್ಚಲ ಬಾಗಿಲಲ್ಲಿ. ಅಕ್ಕ ಮೊದಲು ಮಂಚದ ಹತ್ತಿರ ಹೋಗಿ, "ನಿಮ್ಮ ಅಪ್ಪಣೆ ಇಲ್ಲದೆ ಹೇಳ್ತಾ ಇದೀನಿ, ಕ್ಷಮಿಸಿ," ಎಂದಳು. ಸರ್ವೇಯರರು "ಇಲ್ಲ" ಅಂದರು.

ಅಕ್ಕ ಮಗನನ್ನು ಬೀರುವಿನ ಮುಂದೆ ನಿಲ್ಲಲು ಹೇಳಿ, ಬೀರು ತೆರೆಸಿದಳು. ತಮ್ಮ ಗುಂಡಿ ಒತ್ತಿದೊಡನೆ, ಹಾಲಿನಲ್ಲಿ ಫೋನ್ ಹೊಡೆದುಕೊಂಡರೆ ಹೇಗೆ ಹೋಗುತ್ತೀರೋ ಹಾಗೆ ಹೋಗಿ ಎಂದಳು. ಸಿಸ್ಟರ್ ಬಚ್ಚಲಿಂದ ಬಂದು ಬೀರು ಮುಚ್ಚಬೇಕು. ಮಗ ಒಮ್ಮೆ ಅಪ್ಪನ ಕಡೆ ನೋಡಿದ. ಒಲ್ಲೆ ಅಂದರೂ ತಪ್ಪು, ಸರಿ ಅಂದರೂ ತಪ್ಪು. ನಿಂತ.

ತಮ್ಮ ಮಂಚದ ಪಕ್ಕದಿಂದ ಗುಂಡಿ ಒತ್ತಿ ಹಿಡಿದ. ಕ್ಯಾಮೆರಾದ ಕೆಂಪು ದೀಪ ಮಿಟುಕತೊಡಗಿತು. ಮಗ ಪರದೆ ಸರಿಸಿ ಹೊರಗೆ ಹೋದ. ಸಿಸ್ಟರ್ ಬಂದಳು, ಕೈ ಚಾಚಿದಳು. ಆಗ ಫ್ಲ್ಯಾಶ್ ಬಿತ್ತು.

ಅಕ್ಕ ಕ್ಯಾಮೆರಾದ ಪುಟ್ಟ ಪರದೆಯನ್ನು ಸೊಸೆಯ ಮುಂದೆ ಹಿಡಿದಳು. "ಒತ್ತಿದ್ದು ನಿಮ್ಮ ಯಜಮಾನರನ್ನ ನೋಡಿ. ಇದರಲ್ಲಿ ಅವರೆಲ್ಲಿದಾರೆ?"

ಫೋಟೊದಲ್ಲಿ ತೆರೆದ ಬೀರು ಇತ್ತು, ಸಿಸ್ಟರ್ ಇದ್ದಳು, ಹಾಲಿನ ಕಡೆ ವಾಲಿದ ಪರದೆ ಇತ್ತು.

ಕತ್ತಲು ಕೋಣೆಯಲ್ಲಿ ಈ ಕ್ಯಾಮೆರಾ ಗುರಿ ಹುಡುಕಿಕೊಳ್ಳಬೇಕು, ಬ್ಯಾಟರಿ ಸೊರಗಿದ್ದರೆ ಫ್ಲ್ಯಾಶ್ ತುಂಬಿಕೊಳ್ಳುವವರೆಗೂ ಕಾಯಬೇಕು ಎಂದು ಅಕ್ಕ ವಿವರಿಸಿದಳು. ಅಷ್ಟರಲ್ಲಿ ನಾಯಿ ಹೋಗಿ ಬಾಲ ಉಳಿದಿರುತ್ತದೆ. ಇಲ್ಲಿ ಬಾಲವೂ ಉಳಿಯದೆ, ಆಗಷ್ಟೇ ಬಂದವಳು ಸಿಕ್ಕಿಬಿದ್ದಳು. ಸರ್ವೇಯರರು ಹಿಡಿಯಹೊರಟದ್ದು ಒಬ್ಬರನ್ನು, ಕ್ಯಾಮೆರಾ ಹಿಡಿದದ್ದು ಇನ್ನೊಬ್ಬರನ್ನು. ಆಮೇಲೆ ಸರ್ವೇಯರರು ತೆಗೆದ ಫೋಟೊದ ದೊಡ್ಡ ಪ್ರಿಂಟನ್ನು ಅಕ್ಕ ಹೊರತೆಗೆದಳು. ಬಿಳಿ ಗಂಟಿನ ಕೆಳಗೆ ನೆಲ ಒದ್ದೆಯಾಗಿ ಹೊಳೆಯುತ್ತಿತ್ತು. ಅದು ಹಿಂಡಿದ ಟವೆಲು. ಬಚ್ಚಲಿಂದ ಬಂದವಳಿಗೆ ಹಾಲಿನ ಪರದೆ ಮುಟ್ಟುವ ಅಗತ್ಯವೇ ಇರಲಿಲ್ಲ. ಅದನ್ನು ಅಲುಗಿಸಿದವರು ಆಗಷ್ಟೇ ಹೊರಗೆ ಹೋದವರು. ಹೋದದ್ದು ಫೋನ್ ಎತ್ತಲು. ಆ ಫೋನ್ ಮಾಡಿದವನು ತಮ್ಮ. ಯಾರೋ ಎತ್ತಿ ಇಟ್ಟದ್ದಕ್ಕೆ ಅವನೇ ಸಾಕ್ಷಿ. ಸೊಸೆ ಶಾಲೆಯಲ್ಲಿದ್ದಳು. ಹಾಗಾದರೆ ಎತ್ತಿದವರು ಯಾರು?

"ಬೀಗದಲ್ಲಿರೋ ಕೀ ನೋಡಿ," ಎಂದಳು ಅಕ್ಕ. "ಕೆಂಪು ದಾರದ್ದಲ್ಲ. ಗೊಂಚಲು. ಕಪ್ಪು ತಲೆಯದು ಸ್ಕೂಟರ್ ಕೀ. ಆಫೀಸಿಗೆ ಹೋದ ಸ್ಕೂಟರಿನ ಕೀ ಮಟಮಟ ಮಧ್ಯಾಹ್ನ ಈ ಬೀರುವಿಗೆ ಹೇಗೆ ಬಂತು? ಸಿಸ್ಟರ್ ನೀರು ಬಿಸಿ ಮಾಡೋಕೆ ಬಚ್ಚಲಿಗೆ ಹೋದಾಗ ಮತ್ತೆ ಬಂದು ಸರಾನೂ ಕೀಗಳನ್ನೂ ತಗೊಂಡು ಹೋಗಿರ್ತಾರೆ."

ಹೊರಗಿದ್ದ ಮಗ ಒಳಗೆ ಬರಲಿಲ್ಲ. ಪರದೆಯ ಆಚೆಯಿಂದಲೇ ಮಾತಾಡಿದ. ಕಂಪನಿ ಮುಚ್ಚಿಹೋಗಿ ತಿಂಗಳುಗಳಾಗಿದ್ದವು. ಮನೆಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋಗಿ ವಾಚನಾಲಯದಲ್ಲಿ ಕೂರುತ್ತಿದ್ದ. ಅಮ್ಮನ ಸರ ಮಾರಿದ್ದು ಮನೆ ನಡೆಸಲು. ಅಪ್ಪ ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದ.

"ಸಿಸ್ಟರ್ ಸಂಬಳಾನೂ ಅದರಲ್ಲೇ ಕೊಟ್ಟೆ," ಎಂದ ಕೊನೆಗೆ.

ಸಿಸ್ಟರ್ ಪರದೆಯ ಕಡೆ ತಿರುಗಿದಳು. "ಕೇಳಿದ್ರೆ ತಡ್ಕೋತಿದ್ನಲ್ಲ ಅಣ್ಣ," ಎಂದಳು.

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ಎದ್ದು ಬಂದು ಸಿಸ್ಟರ್ ಕೈ ಹಿಡಿದಳು. ಹಿಡಿದುಕೊಂಡೇ ಅಕ್ಕನ ಕಡೆ ನೋಡಿದಳು. ಹೋಗಬೇಡ ಎನ್ನುವಂತಿರಲಿಲ್ಲ, ಮುಂದಿನ ಸಂಬಳ ಎಲ್ಲಿಂದ ಬರುತ್ತದೆ? ಇವಳು ಹೋದರೆ ಮಾವನನ್ನು ಹಗಲಿಡೀ ನೋಡುವವರು ಯಾರು? ಸುಳ್ಳು ಗೆದ್ದಿದ್ದರೂ ಸಿಸ್ಟರ್ ಈ ಬಾಗಿಲು ದಾಟಬೇಕಿತ್ತು, ನಿಜ ಗೆದ್ದರೂ ದಾಟಬೇಕಿತ್ತು. ಕಳ್ಳಿ ಎಂಬ ಹೆಸರೊಂದು ಮಾತ್ರ ಅವಳ ಜೊತೆ ಹೋಗುವುದು ತಪ್ಪಿತು.

"ಇದಕ್ಕೆ ನನ್ನ ಹತ್ರ ಉತ್ತರ ಇಲ್ಲಮ್ಮ," ಎಂದಳು ಅಕ್ಕ. ಅವಳ ಬಾಯಲ್ಲಿ ಆ ಮಾತನ್ನು ತಮ್ಮ ಮೊದಲ ಸಲ ಕೇಳಿದ.

ಹೊರಡುವ ಮುನ್ನ ಅಕ್ಕ ಮಂಚದ ಬಳಿ ಬಗ್ಗಿ ಕೇಳಿದಳು. "ಸಿಸ್ಟರ್ ತಗೊಂಡಳಾ?"

"ಇಲ್ಲ."

"ನಿಮ್ಮ ಮಗ?"

ಮುದುಕರು ಅಲುಗುವ ಪರದೆಯನ್ನೇ ನೋಡುತ್ತಿದ್ದರು. "ಇಲ್ಲ," ಎಂದರು, ಅದೇ ದನಿಯಲ್ಲಿ.

ಸಿಸ್ಟರ್ ಚೀಲ ಎತ್ತಿಕೊಂಡು, ಮಾತ್ರೆಗಳ ಹೊತ್ತನ್ನು ಸೊಸೆಗೆ ಹೇಳಿಕೊಟ್ಟು, ಹಾಲಿನ ಬಾಗಿಲಿಗೆ ಬಂದಳು. ಹಿಂದೆ ಮಂಚ ಕಿರುಗುಟ್ಟಿತು. ಸರ್ವೇಯರರ ಎಡಗೈ ಹೊದಿಕೆಯಿಂದ ಹೊರಬಂದಿತ್ತು. ಕ್ಯಾಮೆರಾ ತಲೆಕೆಳಗಾಗಿ ಅವಳ ಕಡೆ ತಿರುಗಿತ್ತು. ಗುಂಡಿ ಒತ್ತಿದರು. ಕೆಂಪು ದೀಪ ಎರಡು ಸಲ ಮಿಟುಕಿ ಆರಿಹೋಯಿತು.

ತಮ್ಮ ತನ್ನ ಜೇಬಿನಲ್ಲಿ ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಬ್ಯಾಟರಿಗಳನ್ನು ತೆಗೆದು, ಹಳೆಯವನ್ನು ಬದಲಿಸಿಕೊಟ್ಟ. ಕ್ಯಾಮೆರಾದ ಪರದೆಯ ಮೇಲೆ ತಾರೀಕು ಜನವರಿ ಒಂದಕ್ಕೆ ಹೋಗಿ ಕೂತಿತು. ಸರಿಮಾಡಲು ಹೋಗಲಿಲ್ಲ.

ಮುದುಕರು ಮತ್ತೆ ಒತ್ತಿ ಹಿಡಿದರು. ಸಿಸ್ಟರಿಗೆ ಆ ಕ್ಯಾಮೆರಾದ ಬುದ್ಧಿ ಈಗ ಗೊತ್ತಾಗಿತ್ತು. ಚೀಲವನ್ನು ಕೆಳಗಿಟ್ಟಳು. ಒಂದು ಕೈಯಲ್ಲಿ ಪರದೆಯನ್ನು ಅಲುಗದಂತೆ ಹಿಡಿದುಕೊಂಡು, ದೀಪ ಮಿಟುಕಿ ಮುಗಿಯುವವರೆಗೂ ಹೊಸ್ತಿಲ ಮೇಲೆ ಕದಲದೆ ನಿಂತಳು.