ಸಾಕಮ್ಮನ ನಲವತ್ತೊಂದು ಉತ್ತರಗಳು

ಮರಿಯಪ್ಪ ಕೆರೆ ಏರಿಯ ಇಳಿಜಾರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬೆಂಕಿಪೊಟ್ಟಣದಷ್ಟಿದ್ದ ಯಂತ್ರವನ್ನು ಒಂದು ಎಲೆಯ ಹತ್ತಿರ ಹಿಡಿದ. ಯಂತ್ರ ಸಣ್ಣಗೆ ಗುಂಯ್‌ಗುಟ್ಟುತ್ತ ಎಲೆಯ ಸುತ್ತಲಿನ ಗಾಳಿಯನ್ನು ಒಳಗೆಳೆದುಕೊಂಡಿತು.

“ದುಂಡಗೈತೆ ಕಣೆ. ಅಂಚಿಗೆಲ್ಲ ಪೀಕೋ ಹೊಡೆದಂಗೈತೆ. ವಾಸ್ನೆ ಬಂತಾ?”

“ಬಂತು ಬಂತು. ಒಂದೆಲಗ,” ಎಂದಳು ಅವನ ಹೆಂಡತಿ ಸಾಕಮ್ಮ, ಎರಡು ಮೈಲಿ ದೂರದ ಆಸ್ಪತ್ರೆಯ ಪ್ರತ್ಯೇಕ ವಾರ್ಡಿನಿಂದ. “ಬೇರು ಕೀಳ್‌ಬ್ಯಾಡಿ ಮತ್ತೆ. ಕುಡಿ ಚಿವುಟ್ಕೊಳಿ ಸಾಕು.”

ಯಂತ್ರದ ಹೆಸರು ಗಂಧವಾಹಿ. ಪ್ರತಿಯೊಂದು ವಾಸನೆಯೂ ಕೆಲವು ಅಣುಗಳ ಮಿಶ್ರಣ. ಹೊರಗೆ ನಡೆಯುವವನ ಕೈಯಲ್ಲಿದ್ದ ಪೊಟ್ಟಣ ಆ ಮಿಶ್ರಣವನ್ನು ಅಳೆದು, ಅಳತೆಯನ್ನು ಮಾತ್ರ ರೇಡಿಯೋ ಅಲೆಗಳ ಮೇಲೆ ಕಳಿಸುತ್ತಿತ್ತು. ರೋಗಿಯ ದಿಂಬಿನ ಪಕ್ಕದ ಇನ್ನೊಂದು ಪೊಟ್ಟಣದಲ್ಲಿ ನಲವತ್ತು ಮೂಲಗಂಧಗಳಿದ್ದವು. ಅದು ಬಂದ ಅಳತೆಯಂತೆ ಅವನ್ನು ಬೆರೆಸಿ ಮೂಗಿನ ಮುಂದೆ ಊದುತ್ತಿತ್ತು. ಮಾತು ಕೇಳಿಸುತ್ತಿತ್ತು, ಚಿತ್ರ ಇರಲಿಲ್ಲ. ತಿಂಗಳುಗಟ್ಟಲೆ ನಾಲ್ಕು ಬಿಳಿ ಗೋಡೆ ನೋಡಿ ಅನ್ನ ಬಿಟ್ಟ ರೋಗಿಗಳಿಗೆ ಹೊರಗಿನ ವಾಸನೆ ತಗುಲಿದರೆ ಹಸಿವು ಮರಳೀತು ಎಂಬುದು ಇದನ್ನು ಮಾಡಿದ ಡಾ. ನಾಗಮಣಿಯ ಲೆಕ್ಕಾಚಾರ.

ಅದು ಲಾಕ್‌ಡೌನಿನ ಐದನೆಯ ತಿಂಗಳು. ತುರುವೇಕೆರೆಯಲ್ಲಿ ಅರವತ್ತು ದಾಟಿದವರು ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಗಂಧವಾಹಿ ಹಿಡಿದವರಿಗೆ ಮಾತ್ರ ದಿನಕ್ಕೊಂದು ಗಂಟೆಯ ಪರವಾನಗಿ. ನಾಗಮಣಿ ಮರಿಯಪ್ಪನನ್ನು ಬೇಕೆಂದೇ ಆರಿಸಿದ್ದಳು. ನಲವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಕುಳಿತ ದರ್ಜಿಗೆ ಬೇವೊಂದು ಬಿಟ್ಟರೆ ಒಂದು ಗಿಡದ ಹೆಸರೂ ಬಾರದು. ಬಾರದ ಹೆಸರನ್ನು ಬಾಯ್ತಪ್ಪಿಯೂ ಹೇಳಿಬಿಡುವಂತಿಲ್ಲ. ಸಾಕಮ್ಮನೋ, ಬೆರಕೆ ಸೊಪ್ಪಿಗಾಗಿ ಆ ಏರಿಯನ್ನು ಅಂಗೈಯಷ್ಟು ಬಲ್ಲವಳು. ವಾಸನೆಯಿಂದಲೇ ಅವಳು ಗಿಡ ಗುರುತಿಸಿದರೆ ಪ್ರಯೋಗ ಗೆದ್ದಂತೆ.

ಪ್ರಯೋಗ ಗೆಲ್ಲುತ್ತಲೇ ಹೋಯಿತು. ವಸಂತ ಕಾಲ ಬೇರೆ. ಮನುಷ್ಯರ ಸದ್ದಿಲ್ಲದ ದಾರಿಗಳಲ್ಲಿ ಹೊಂಗೆಯ ಹೂವು ನೆಲ ಕಾಣದಷ್ಟು ಉದುರಿತ್ತು. ಮರಿಯಪ್ಪನಿಗೆ ಇದೆಲ್ಲ ಇಷ್ಟು ದಿನ ಎಲ್ಲಿತ್ತು ಎಂದು ದಿಗಿಲೇ ಆಯಿತು. “ಬಿಳಿ ಹೂವು, ಷರ್ಟಿನ ಗುಂಡಿಯಷ್ಟು,” ಎನ್ನುವನು. “ತುಂಬೆ,” ಎನ್ನುವಳು. “ಐದು ಬೆರಳಿನ ಕೈಗವಸು ಇದ್ದಂಗೈತೆ ಎಲೆ.” “ಲಕ್ಕಿ. ಇಷ್ಟು ವರ್ಷ ನಿಮಗೆ ಅದ್ರಾಗೇ ಶೀತಕ್ಕೆ ಹಬೆ ಕೊಟ್ಟಿವ್ನಿ, ಗೊತ್ತಿಲ್ವಾ?” ಎಂದು ನಗುವಳು. ಇಪ್ಪತ್ತೊಂದು ದಿನಕ್ಕೆ ನಲವತ್ತೊಂದು ಉತ್ತರ, ಒಂದೂ ತಪ್ಪಿಲ್ಲ. ಆ ಪಟ್ಟಿಯನ್ನು ನಂಬಿ ಸರ್ಕಾರ ಐನೂರು ಗಂಧವಾಹಿಗಳನ್ನು ಮಾಡಿಸಲು ಒಪ್ಪಿತು.

ಇಪ್ಪತ್ತೆರಡನೆಯ ದಿನ ನಾಗಮಣಿ ಮೊದಲ ಬಾರಿ ಇವರ ಮಾತುಕತೆಯ ಧ್ವನಿಮುದ್ರಣ ಕೇಳಿದಳು. ಕೇಳಿ ಹೌಹಾರಿದಳು.

“ನೀವು ಎಲೆಯನ್ನ ಹೀಗೆ ವರ್ಣಿಸಬಾರದು ಯಜಮಾನ್ರೆ. ಸುಮ್ಮನೆ ಯಂತ್ರ ಹಿಡೀಬೇಕು, ಅಷ್ಟೆ.”

ಮರುದಿನ ಮರಿಯಪ್ಪ ತುಟಿ ಬಿಗಿಹಿಡಿದು, ಎಂದೂ ಹೋಗದ ಓಣಿಯಲ್ಲಿ ಹೋಗಿ, ಹೂವಿನಿಂದ ಜಗ್ಗಿದ ಬೇವಿನ ರೆಂಬೆಗೆ ಯಂತ್ರ ಹಿಡಿದ.

“ಏನಾರ ಮಾತಾಡಿ,” ಎಂದಳು ಸಾಕಮ್ಮ. ಅವನು ಮಾತಾಡಲಿಲ್ಲ. ಕೊನೆಗೆ ಅವಳು ಅಳುಕುತ್ತ, “ತಂಗಡಿಯಾ?” ಎಂದಳು.

ಬೇವನ್ನು ತಂಗಡಿ ಎಂದಳಲ್ಲ, ಯಂತ್ರ ಕೆಟ್ಟಿದೆ ಎಂದು ಮರಿಯಪ್ಪ ದೂರು ಕೊಟ್ಟ. ನಾಗಮಣಿ ಸುರಕ್ಷಾ ಉಡುಪು ತೊಟ್ಟು ವಾರ್ಡಿಗೆ ಹೋದಳು. ಯಂತ್ರ ಸರಿಯಾಗಿಯೇ ಇತ್ತು. ಅವಳು ಸಾಕಮ್ಮನ ಕಣ್ಣು ಮುಚ್ಚಿಸಿ ಮೂಗಿನ ಕೆಳಗೆ ಕರ್ಪೂರ ಹಿಡಿದಳು. ಸಾಕಮ್ಮ ಅಲುಗಲಿಲ್ಲ.

“ಬಂದ ಮೂರನೇ ದಿನಕ್ಕೇ ಮೂಗು ಹೋಯ್ತು ಕಣವ್ವ,” ಎಂದಳು.

“ಮೊದಲೇ ಯಾಕೆ ಹೇಳಲಿಲ್ಲಮ್ಮ? ನಾನು ನಿಮ್ಮ ಉತ್ತರಗಳನ್ನ ನಂಬಿಕೊಂಡಿದ್ದೆ.”

“ಹೇಳಿದ್ರೆ ಈ ಪೊಟ್ಟಣ ಇಸ್ಕೊಂಡೋಗ್ತಿದ್ರಿ. ಅವರು ಮನೆಯಾಗೇ ಕೂತ್ಕಂಡು ಕೊರಗಿ ಸಾಯೋರು.” ಸಾಕಮ್ಮ ಉಸಿರು ತೆಗೆದುಕೊಂಡು ಮುಂದುವರಿದಳು. “ನಲವತ್ತು ವರ್ಷ ಅವರ ಜೊತೆ ಬಾಳಾಟ ಮಾಡಿವ್ನಿ. ಬಟ್ಟೆ ಮೇಲಿನ ಕಣ್ಣು ತೆಗೀತಿರ್ಲಿಲ್ಲ. ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಈಗ ನೋಡಿ, ಒಂದು ಎಲೆಗೆ ಇಪ್ಪತ್ತು ಮಾತು. ಅದನ್ನ ಕೇಳ್ಕಂಡೇ ಎರಡು ತುತ್ತು ಉಣ್ತಾ ಇವ್ನಿ.”

ನಾಗಮಣಿಗೆ ಸಿಟ್ಟು ಬಂದಿತ್ತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳು ಗಾಜಿನ ಮುಖವಾಡದೊಳಗೆ ಅತ್ತಳು, ಕಣ್ಣೊರೆಸಿಕೊಳ್ಳಲು ಕೈ ಒಳಗೆ ಹೋಗುವಂತಿರಲಿಲ್ಲ. ಅಂದೇ ವರದಿಯಿಂದ ನಲವತ್ತೊಂದು ಉತ್ತರಗಳನ್ನೂ ಹೊಡೆದುಹಾಕಿದಳು. ಐನೂರು ಯಂತ್ರಗಳ ಆದೇಶ ರದ್ದಾಯಿತು. ಸಾಕಮ್ಮನ ಪೊಟ್ಟಣದಿಂದ ಗಂಧದ ಶೀಷೆಗಳನ್ನು ಬಿಚ್ಚಿ ಮೂಗಿದ್ದ ಬೇರೊಬ್ಬರಿಗೆ ಕೊಟ್ಟು, ಮಾತಿನ ಭಾಗವನ್ನು ದಿಂಬಿನ ಬಳಿ ಬಿಟ್ಟಳು. ಮರಿಯಪ್ಪನ ಪರವಾನಗಿಯನ್ನು ಮಾತ್ರ ಮುಟ್ಟಲಿಲ್ಲ.

“ತಪ್ಪು ನಂದು ಯಜಮಾನ್ರೆ,” ಎಂದಳು ಅವನಿಗೆ. “ಮಾತಾಡಿ. ಎಷ್ಟು ಬೇಕಾದ್ರೂ ಮಾತಾಡಿ.”

ಅವನು ಒಂಬತ್ತು ದಿನ ಮಾತಾಡಿದ. ಸಾಕಮ್ಮನ ದನಿ ದಿನೇ ದಿನೇ ಇಳಿಯಿತು. ವಾಸನೆ ಅವಳನ್ನು ಮುಟ್ಟುತ್ತಿಲ್ಲವೆಂದು ಅವನಿಗೆ ಯಾರೂ ಹೇಳಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅವನು ಗೋಮಾಳದ ಅಂಚಿನ ಮುತ್ತುಗದ ಮರದಡಿ ನಿಂತ. ಎಲೆಯೇ ಇಲ್ಲದ ಮರದಲ್ಲಿ ಕಡೆಯ ಹೂಗಳಿದ್ದವು. ಒಂದನ್ನು ಯಂತ್ರಕ್ಕೆ ಹಿಡಿದು ಕೇಳಿದ. ಉತ್ತರ ಬರಲಿಲ್ಲ. ತಾನೇ ಮೂಸಿ ನೋಡಿದ. ಹೂವಿಗೆ ವಾಸನೆಯೇ ಇರಲಿಲ್ಲ.

“ಅಯ್ಯೋ, ಪಾಪ, ಇದ್ರಾಗೆ ನೀನಾದ್ರೂ ಹೆಂಗೆ ಕಂಡುಹಿಡೀತೀಯ! ತಡಿ, ನಾನೇ ಹೇಳ್ತೀನಿ,” ಎಂದು ಕಲ್ಲಿನ ಮೇಲೆ ಕುಳಿತ. “ಕೇಸರಿ ಬಣ್ಣ ಕಣೆ. ಮಖಮಲ್ ಬಟ್ಟೆ ಮುಟ್ಟಿದಂಗೈತೆ. ತುದಿ ಗಿಣಿಮೂತಿಯಂಗೆ ಬಗ್ಗೈತೆ. ತೊಟ್ಟು ಕಪ್ಪು, ಕಾಲರ್ ಪಟ್ಟಿ ಹಾಕಿದಂಗೆ. ಗೊತ್ತಾಯ್ತಾ? ಇಲ್ವಾ? ತಡಿ, ಬ್ಯಾರೆ ತರ ಹೇಳ್ತೀನಿ...”

ವಾರ್ಡಿನಲ್ಲಿ ನರ್ಸು ಉಸಿರು ನಿಂತ ಸಾಕಮ್ಮನ ಕಣ್ಣು ಮುಚ್ಚಿಸಿ ಆಗಲೇ ಕಾಲು ಗಂಟೆಯಾಗಿತ್ತು. ನರ್ಸು ದಿಂಬಿನ ಬಳಿಯ ಪೊಟ್ಟಣವನ್ನು ಎರಡು ಸಲ ಕೈಗೆತ್ತಿಕೊಂಡು, ಎರಡು ಸಲವೂ ಅಲ್ಲೇ ಇಟ್ಟಳು. ಪರವಾನಗಿಯ ಗಂಟೆ ಮುಗಿಯುವವರೆಗೆ ಮರಿಯಪ್ಪ ಆ ಹೂವನ್ನು ವರ್ಣಿಸುತ್ತಲೇ ಇದ್ದ.