ಮರಳಿನ ಮೇಲಿನ ಅಲೆಗಳು

"ನಿನ್ನ ಮೀನು ನೋಡು ವೆಲ್ಗಾ, ಬೆಳಗ್ಗೆಯಿಂದ ನನ್ನನ್ನೇ ನೋಡ್ತಿದೆ. ಒಡತಿಗೆ ಮಾತ್ರ ದಯೆ ಇಲ್ಲ," ಎಂದ ಎದುರಂಗಡಿಯ ತಾಲಿಸ್, ಉಪ್ಪು ಹಾಕಿದ ಕೋಸನ್ನು ತೂಗುತ್ತಾ.

"ಸತ್ತ ಮೀನು ಅದು. ತೆಪ್ಪಗೆ ವ್ಯಾಪಾರ ನೋಡು."

ಹಾಗೆಂದರೂ ನಗು ಅವಳ ತುಟಿಯ ತುದಿಗೆ ಬಂದೇಬಿಟ್ಟಿತ್ತು. ಅವನು ಅದನ್ನು ಕದ್ದು ನೋಡಿದ. ನೋಡಿದ್ದನ್ನು ಅವಳೂ ಕದ್ದು ನೋಡಿದಳು.

ರೀಗಾದ ಪೇಟೆಯ ಆ ಭಾರೀ ಕಮಾನುಗಳು ಹಿಂದೆ ಜರ್ಮನ್ ಸೈನ್ಯದ ವಾಯುನೌಕೆಗಳನ್ನು ನಿಲ್ಲಿಸಲೆಂದು ಮಾಡಿದವು. ಜರ್ಮನ್ನರು ಹೋದರು, ರಷ್ಯನ್ನರು ಬಂದು ಹೋದರು. ಈಗ ನಮ್ಮ ಹರೆಯದವರೂ ದುಡಿಯಲು ಐರ್ಲೆಂಡಿಗೆ ಹೋಗಿ ಗಿರಾಕಿಗಳು ಅರ್ಧಕ್ಕಿಳಿದಿದ್ದಾರೆ. ಈ ಊರಿನಲ್ಲಿ ಇರುವವರಿಗಿಂತ ಇಲ್ಲದವರದೇ ಕಾರುಬಾರು. ವೆಲ್ಗಾಳ ಗಂಡ ಐವಿಸ್ ಬಂದರಿನ ದೋಣಿಯಲ್ಲಿದ್ದವನು, ದೌಗವಾ ನದಿಯಲ್ಲಿ ಮುಳುಗಿ ಸತ್ತು ಮೂರು ವರ್ಷವಾಗಿತ್ತು.

"ಇವತ್ತಾದ್ರೂ ಕಾಫಿಗೆ ಬರ್ತೀಯಾ?"

"ನನ್ನ ಗಂಡ ಇನ್ನೂ ಹೋಗಿಲ್ಲ ತಾಲಿಸ್," ಎಂದಳು ಅವಳು. ತಮಾಷೆಗಲ್ಲ. "ಪ್ರತಿ ಭಾನುವಾರ ಹೋದಾಗ ಅವನ ಸಮಾಧಿ ಸುತ್ತ ಮರಳಲ್ಲಿ ಅಲೆ ಬಿಡಿಸಿರುತ್ತೆ. ಊರೆಲ್ಲ ಸಮಾಧಿ ಸುತ್ತ ಮರಳು ಹರಡಿ ಮರದ ಎಲೆಯ ಹಾಗೆ ಗೆರೆ ಎಳೀತಾರೆ. ಅಲೆ ಬಿಡಿಸ್ತಿದ್ದೋನು ಅವನೊಬ್ಬನೇ. ಸುತ್ತ ಒಂದು ಹೆಜ್ಜೆ ಗುರುತೂ ಇರಲ್ಲ."

ತಾಲಿಸನ ಮುಖ ಸಪ್ಪಗಾಯಿತು.

ಮರುದಿನ ಭಾನುವಾರ ಸಮಾಧಿಗಳ ಹಬ್ಬ, ಸ್ಮಶಾನದ ತುಂಬ ಜನಜಂಗುಳಿ. ಹಾಗಾಗಿ ವೆಲ್ಗಾ ಶನಿವಾರ ಸಂಜೆಯೇ ಅಂಗಡಿ ಮುಚ್ಚಿ ಸ್ಮಶಾನಕ್ಕೆ ಟ್ರಾಮ್ ಹತ್ತಿದಳು. ಪೈನ್ ಮರಗಳ ಕೆಳಗೆ ಐವಿಸನ ಸಮಾಧಿಯ ಬಳಿ ಒಬ್ಬ ಗಂಡಸು. ಇವಳಿಗೆ ಬೆನ್ನು ಮಾಡಿ, ಹಲ್ಲುಗಳಿದ್ದ ಉದ್ದ ಕೋಲಿನಿಂದ ಮರಳನ್ನು ಎಳೆಯುತ್ತಾ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದ. ನಮ್ಮಲ್ಲಿ ಹಾಗೆಯೇ, ಹೊರಡುವಾಗ ನಮ್ಮ ಹೆಜ್ಜೆಯನ್ನು ನಾವೇ ಅಳಿಸಬೇಕು. ಉಳಿದರೆ ಸತ್ತವರು ಅದನ್ನೇ ಹಿಡಿದು ಮನೆಗೆ ಬರುತ್ತಾರೆ.

"ಐವಿಸ್..." ಎಂದು ಪಿಸುಗುಟ್ಟಿ ಅವಳು ಅವನ ಹಿಂದೆಯೇ ಹೋಗಿ ನಿಂತಳು.

ಆ ಬೆನ್ನು ಬಂದು ಅವಳಿಗೆ ತಗುಲಿತು. ತಿರುಗಿದವನು ತಾಲಿಸ್.

"ನೀನಾ!"

"ನಮ್ಮಪ್ಪನ ಸಮಾಧಿ ಪಕ್ಕದಲ್ಲೇ ಇದೆ. ಐವಿಸ್ ಅವರಮ್ಮನ ಸಮಾಧಿಗೆ ಅಲೆ ಬಿಡಿಸೋದು ನೋಡಿದ್ದೆ. ಒಂದ್ಸಲ ಸುಮ್ನೆ ಹಾಗೇ ಎಳೆದೆ. ಅದನ್ನ ನೋಡಿದ ಮಾರನೇ ದಿನ ನೀನು ಅಂಗಡಿಗೆ ನಗ್ತಾ ಬಂದೆ. ಅದಕ್ಕೇ ಬಿಡ್ಲಿಲ್ಲ, ಪ್ರತಿ ವಾರ ಎಳೆದೆ." ಅವನು ತಲೆ ತಗ್ಗಿಸಿದ. "ನಿನ್ನ ಮೇಲೆ ಪ್ರಾಣಾನೇ ಇಟ್ಕೊಂಡಿದೀನಿ. ಆದ್ರೂ ನಿನ್ನ ಗಂಡನ್ನ ನಾನೇ ಬದುಕಿಸಿ ಇಟ್ಟೆ. ಎಂಥ ಪೆದ್ದ ನೋಡು."

"ನಾನು ಬಿಟ್ಟು ಹೋದ ಹೆಜ್ಜೆನೂ ನೀನೇ ಅಳಿಸ್ತಿದ್ದೆಯಾ?"

"ನೀನು ಮರೆತಿರ್ತೀಯ ಅನ್ಕೊಂಡೆ."

"ಮರೆತಿರ್ಲಿಲ್ಲ ಕಣೋ. ಬೇಕಂತ್ಲೇ ಬಿಡ್ತಿದ್ದೆ. ಅವನಿಗೆ ಮನೆ ದಾರಿ ಗೊತ್ತಾಗ್ಲಿ ಅಂತ. ಬಾಗಿಲ ಚಿಲಕ ಕೂಡ ಹಾಕ್ತಿರ್ಲಿಲ್ಲ. ಮೂರು ವರ್ಷ ಕಾದೆ."

ತಾಲಿಸ್ ಕೋಲನ್ನು ಅವಳ ಮುಂದೆ ಚಾಚಿದ. "ಇನ್ನು ನಾನು ಬರಲ್ಲ. ಹೆಜ್ಜೆ ಉಳಿಸೋದು, ಅಳಿಸೋದು ನಿಂಗೆ ಬಿಟ್ಟಿದ್ದು."

ವೆಲ್ಗಾ ಅಲೆಗಳನ್ನು ತುಳಿದುಕೊಂಡೇ ಸಮಾಧಿಯ ಬಳಿ ಹೋದಳು. ಕಲ್ಲಿನ ಮೇಲೆ ಕೆನ್ನೆಯಿಟ್ಟು ಮನಸಾರೆ ಅತ್ತಳು. ಬಹಳ ಹೊತ್ತಿನ ಮೇಲೆ ಎದ್ದು ಕೋಲು ಹಿಡಿದಳು, ಐವಿಸನ ಹೆಸರನ್ನೇ ನೋಡುತ್ತಾ, ಮರಳನ್ನು ಎಳೆದು ತನ್ನ ಹೆಜ್ಜೆಗಳನ್ನು ಅಳಿಸುತ್ತಾ ಹಿಂದಕ್ಕೆ ಬಂದಳು. ಎಡವಿದಾಗ ತಾಲಿಸನ ಅಂಗೈ ಅವಳ ಬೆನ್ನಿಗೆ ಆಸರೆಯಾಯಿತು.

"ಹಿಂದೆ ಮರದ ಬೇರಿದೆ, ನೋಡ್ಕೊಂಡು."

"ನಾನು ಇವನನ್ನ ನೋಡ್ತಾ ಬರ್ತೀನಿ," ಎಂದಳು ವೆಲ್ಗಾ. "ದಾರಿ ನೀನು ಹೇಳು."