ಕಟ್ಟದೆ ಬಿಟ್ಟ ಮೂರು ಎಳೆ

"ಧನ್ಯಾ, ಗೋಡೆ ಕಡೆ ಮೂರು ಎಳೆ ಕಿತ್ತೋಗಿದೆ ನೋಡೇ. ಕಟ್ಟಿಬಿಡಮ್ಮ," ಎಂದರು ಅಂಜಿನಯ್ಯ ತಾತ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ.

ಧನ್ಯಶ್ರೀ ಮಗ್ಗದ ಆಚೆ ಬದಿಗೆ ನುಸುಳಿದಳು. ಆ ಮೂಲೆಗೆ ಕಿಟಕಿಯ ಬೆಳಕು ಅಷ್ಟಾಗಿ ಬೀಳುತ್ತಿರಲಿಲ್ಲ. ಕಡುನೀಲಿ ಬಣ್ಣದ ನೂಲು, ಒಂದೊಂದು ಎಳೆಯೂ ತಲೆಗೂದಲಿನಷ್ಟು ಸಣ್ಣ. ಎಳೆ ಕಿತ್ತುಹೋದಾಗಲೆಲ್ಲ ಗುಂಡಿಯಿಂದ ಎದ್ದು ಬರಲು ತಾತನ ಮಂಡಿ ಬಿಡುತ್ತಿರಲಿಲ್ಲ. ಹಾಗಾಗಿ ಗಂಟು ಹಾಕುವ ಕೆಲಸ ಒಂದು ವರ್ಷದಿಂದ ಧನ್ಯಾಳದೇ.

ಮೊದಲನೆಯ ಎಳೆಯ ತುದಿ ಕೈಗೆ ಸಿಗುವಷ್ಟರಲ್ಲಿ ಗೇಟಿನ ಬಳಿ ಸೈಕಲ್ ಬೆಲ್ ಕೇಳಿಸಿತು. ಪಕ್ಕದ ಬೀದಿಯ ರಾಗಿಣಿ.

"ಬಾರೇ ಬೇಗ! ಬೇರೆಯವರು ಕೋರ್ಟ್ ಹಿಡ್ಕೊಂಡ್ಬಿಡ್ತಾರೆ!"

"ಕಟ್ಟಿದ್ಯಾ?" ತಾತ ಕೇಳಿದರು.

"ಹೂಂ ತಾತ, ಆಯ್ತು!" ಎಂದು ಧನ್ಯಾ ಬ್ಯಾಡ್ಮಿಂಟನ್ ರ್‍ಯಾಕೆಟ್ ಎತ್ತಿಕೊಂಡು ಓಡಿಯೇಬಿಟ್ಟಳು. ಹಿಂದಿನಿಂದ ಮಗ್ಗದ ಸದ್ದು ಮತ್ತೆ ಶುರುವಾಗಿದ್ದು ಕೇಳಿಸಿತು.

ಬಿನ್ನಿಪೇಟೆಯ ಅವರ ಬೀದಿಯಲ್ಲಿ ಒಂದು ಕಾಲಕ್ಕೆ ಮನೆಮನೆಗೂ ಕೈಮಗ್ಗ ಇತ್ತಂತೆ. ಈಗ ಉಳಿದಿದ್ದು ತಾತನದು ಒಂದೇ. ಅದಕ್ಕೂ ಎಷ್ಟೋ ತಿಂಗಳು ಕೆಲಸ ಇರಲಿಲ್ಲ. ಆಗ ಬಸವೇಶ್ವರನಗರದಿಂದ ಲಕ್ಷ್ಮಿ ಮೇಡಂ ಹುಡುಕಿಕೊಂಡು ಬಂದಿದ್ದರು. "ಒಂದು ಸೀರೆ ನೇಯ್ದು ಕೊಡಿ. ಆಮೇಲೆ ಇಬ್ಬರು ಹುಡುಗೀರನ್ನ ಕಳಿಸ್ತೀನಿ, ಅವರಿಗೆ ಕಲಿಸಿಕೊಡ್ತೀರಾ?" ಎಂದಿದ್ದರು. ಅವತ್ತಿನಿಂದ ತಾತ ಹೂವಿನವಳಿಗೂ ನೀರಿನ ಕ್ಯಾನ್ ತರುವವನಿಗೂ ಅದೇ ಸುದ್ದಿ ಹೇಳಿದ್ದರು. "ನನ್ ಹತ್ರ ಕಲಿಯೋಕೆ ಬರ್ತಾರಂತೆ ಕಣಪ್ಪ!"

ಮರುದಿನ ಸ್ಕೂಲಿನಿಂದ ಬಂದಾಗ ಧನ್ಯಾಳಿಗೆ ಥಟ್ಟನೆ ಎಳೆಗಳ ನೆನಪಾಯಿತು. ಹೋಗಿ ನೋಡಿದರೆ ಸೀರೆ ಒಂದು ಮೊಳ ಮುಂದಕ್ಕೆ ಹೋಗಿತ್ತು. ಅಂಚಿನ ಪಕ್ಕದಲ್ಲಿ ತೆಳ್ಳನೆಯ ಬಿರುಕಿನಂಥ ಗೆರೆ.

ಹೇಳಿದರೆ ಅಷ್ಟನ್ನೂ ಬಿಚ್ಚಬೇಕು. ತಾತ ಏನೋ ಗುನುಗುತ್ತಾ ಖುಷಿಯಾಗಿ ನೇಯುತ್ತಿದ್ದರು. ಅವರು ಕಾಫಿಗೆ ಎದ್ದು ಹೋದಾಗ ಅವಳು ಗುಟ್ಟಾಗಿ ಮೂರೂ ಎಳೆ ಕಟ್ಟಿದಳು. 'ಇಷ್ಟು ಸಣ್ಣ ಗೆರೆ ಯಾರಿಗೆ ಕಾಣುತ್ತೆ?' ಎಂದುಕೊಂಡಳು.

ಲಕ್ಷ್ಮಿ ಮೇಡಂ ಬಂದ ದಿನ ತಾತ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡಿದ್ದರು. ಸೀರೆಯನ್ನು ತಾವೇ ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಮಡಿಕೆ ಬಿಡಿಸಿ ತೋರಿಸುತ್ತಾ ಹೋದರು. ನಡುವೆ ಅವರ ಕೈ ನಿಂತಿತು. ಅಂಚಿನ ಪಕ್ಕದಲ್ಲಿ ಬೀದಿಯ ಬಿಸಿಲು ಗೆರೆಯಾಗಿ ಕಾಣುತ್ತಿತ್ತು.

"ಅಯ್ಯೋ, ಪರವಾಗಿಲ್ಲ ಬಿಡಿ. ಕೈ ಕೆಲಸ ಅಂದ್ಮೇಲೆ ಇದೆಲ್ಲ ಇದ್ದಿದ್ದೇ," ಎಂದರು ಮೇಡಂ.

"ಇಲ್ಲಮ್ಮ." ತಾತ ಆ ಗೆರೆಯ ಮೇಲೆ ಬೆರಳಾಡಿಸಿದರು. "ಎಳೆ ಕಿತ್ತೋಗಿದ್ದು ನನಗೆ ಕಾಣೋ ಹೊತ್ತಿಗೆ ಒಂದು ಮೊಳ ನೇಯ್ದುಬಿಟ್ಟಿದ್ದೆ ಅನ್ಸುತ್ತೆ. ಕಣ್ಣು ಹೋಯ್ತು ನಂದು. ಇಂಥವನು ಇನ್ನೊಬ್ಬರಿಗೆ ಏನು ಕಲಿಸೋದು?"

ಮೇಡಂ ಎಷ್ಟು ಹೇಳಿದರೂ ತಾತ ಸೀರೆ ಕೊಡಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಧನ್ಯಾ ಎರಡು ಸಲ ಬಾಯಿ ತೆರೆದಳು. ಆಮೇಲೆ ಮೆಲ್ಲಗೆ ಒಳಗೆ ಸರಿದಳು.

ತಾತ ಮಗ್ಗವನ್ನೇ ಮಾರಿಬಿಟ್ಟರು. ಮುಂದಿನ ಭಾನುವಾರ ಒಂದು ಟೆಂಪೋ ಬಂತು. ಕೆಂಗೇರಿ ಕಡೆಯ ಯಾವುದೋ ಹೊಸ ಹೋಟೆಲಿನವರು ಬಾಗಿಲಲ್ಲಿ ಶೋಗೆ ಇಡಲು ಮಗ್ಗವನ್ನು ಬಿಚ್ಚಿಕೊಂಡು ಹೋದರು. ಧನ್ಯಾಳ ಅಪ್ಪ ಯೋಗಾನಂದ, "ಇನ್ನೊಂದು ಸಲ ಯೋಚನೆ ಮಾಡಪ್ಪ," ಎಂದು ಹೇಳಿ ನೋಡಿದ. ತಾತ ಕೇಳಲಿಲ್ಲ. ಗುಂಡಿಗೆ ಮಣ್ಣು ತುಂಬಿಸಿದರು, ಮೇಲೆ ಟೈಲ್ಸ್ ಬಂತು. ಅಪ್ಪನ ಸ್ಕೂಟರ್ ಈಗ ಅಲ್ಲೇ ನಿಲ್ಲುತ್ತದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ಧನ್ಯಾ. ಮುಗಿಯಲಿಲ್ಲ. ತಾತ ಪೇಪರ್ ಓದುವುದನ್ನು ಬಿಟ್ಟರು. ಮಾತ್ರೆಯ ಶೀಟು ಹಿಡಿದು, "ಇದು ಬೆಳಗಿಂದಾ, ರಾತ್ರಿದಾ ನೋಡಮ್ಮ," ಎಂದು ಅವಳನ್ನೇ ಕೇಳತೊಡಗಿದರು. ಅನ್ನದಲ್ಲಿ ಕಲ್ಲಿದ್ದರೂ ತಮಗೆ ಕಾಣದೇನೋ ಎಂಬಂತೆ ತಟ್ಟೆಯನ್ನು ಮೆಲ್ಲಗೆ ತಡವುತ್ತಿದ್ದರು.

ಒಂದು ಸಂಜೆ ಹಾಲಿನ ಬೂತಿಗೆ ಹೊರಟಾಗ ತಾತ ರಸ್ತೆ ಬದಿಯಲ್ಲಿ ನಿಂತು ಕೈ ಚಾಚಿದರು.

"ಹಿಡ್ಕೊಳೇ. ಗಾಡಿ ಬಂದ್ರೆ ನನಗೆ ಕಾಣುತ್ತೋ ಇಲ್ವೋ."

ಅವಳು ಆ ಕೈ ಹಿಡಿದುಕೊಂಡಳು. ಧನ್ಯಾಳಿಗೆ ತಡೆಯಲಾಗಲಿಲ್ಲ.

"ತಾತ, ನಿಮ್ ಕಣ್ಣಿಗೆ ಏನೂ ಆಗಿಲ್ಲ. ಅವತ್ತು ನಾನು ಎಳೆ ಕಟ್ಟಲೇ ಇಲ್ಲ. ಕಟ್ಟಿದೆ ಅಂತ ಸುಳ್ಳು ಹೇಳ್ದೆ. ಮಾರನೇ ದಿನ ಕಟ್ಟಿದ್ದು."

ತಾತ ಅವಳನ್ನೇ ನೋಡಿದರು.

"ಹಂಗಾದ್ರೆ... ಕಿತ್ತ ತಕ್ಷಣ ನನಗೆ ಕಂಡಿತ್ತಾ?"

"ಹೂಂ. ಕಂಡಿದ್ದಕ್ಕೇ ತಾನೆ ನನ್ನ ಕರೆದಿದ್ದು? ಆಗ ಗೆರೆ ಇರಲೇ ಇಲ್ಲ."

ತಾತನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅವರು ಹಾಗೆ ನಕ್ಕಿದ್ದು. "ಕಂಡಿತ್ತಾ! ನೀನು ಕಟ್ಟಿದ್ದೀಯ ಅಂತ ಆಮೇಲೆ ನಾನು ಆ ಕಡೆ ನೋಡ್ಲೇ ಇಲ್ಲ ಕಣೇ," ಎಂದರು. ಆಮೇಲೆ ನಗು ಮೆಲ್ಲಗೆ ಇಳಿಯಿತು. ಅವರು ಮನೆಯ ಕಡೆ ತಿರುಗಿ ನೋಡಿದರು.

"ಇನ್ನೊಂದು ಮಗ್ಗ ತರೋಣ ತಾತ. ನಾನು ಅಪ್ಪನಿಗೆ ಹೇಳ್ತೀನಿ," ಎಂದಳು ಧನ್ಯಾ ಅಳುತ್ತಾ.

"ತರಬಹುದಮ್ಮ. ಅದನ್ನ ಕೂರಿಸೋಕೆ ಗೊತ್ತಿದ್ದ ಬಡಗಿ ಒಬ್ಬನೇ. ಅವನು ತೀರ್ಕೊಂಡು ಆರು ವರ್ಷ ಆಯ್ತು." ತಾತ ಅವಳ ಕಣ್ಣೊರೆಸಿ, "ಹೇಳೋಕೆ ಭಯ ಆಯ್ತಾ?" ಎಂದು ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು.

"ಒಂದು ಮೊಳ ತಾನೆ. ಬಿಚ್ಚಿ ಮತ್ತೆ ನೇಯ್ತಿದ್ದೆ ಕಣೇ."

ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು ಧನ್ಯಾಳಿಗೆ. ತಾತ ಬೈಯಲಿಲ್ಲ. ಅವಳ ಕೈ ಬಿಟ್ಟು, ಎಡಕ್ಕೂ ಬಲಕ್ಕೂ ನೋಡಿ, ಒಂದು ಆಟೋ ಹೋಗುವವರೆಗೂ ಕಾದು, ತಾವೇ ರಸ್ತೆ ದಾಟಿದರು.

ಆಚೆ ಬದಿಯಲ್ಲಿ ನಿಂತು, "ಬಾರಮ್ಮ," ಎಂದು ಕರೆದರು. ರಸ್ತೆ ಖಾಲಿಯಾಗಿತ್ತು. ಆದರೂ ಧನ್ಯಾಳಿಗೆ ಹೆಜ್ಜೆ ಕಿತ್ತಿಡಲು ತುಂಬ ಹೊತ್ತು ಹಿಡಿಯಿತು.